ಅಕ್ಕಾವ್ರು ನನ್ನಿಂದ ಕೇಳಿದ ಸಾಕ್ಷಿ

ಮೊನ್ನೆ, ಈಗ ನಾವಿರುವ ನಾಶಿಕದ ಮನೆಯಲ್ಲಿ, ಸೊಸೆ ಉಳ್ಳಾಗಡ್ಡಿ ಬುಟ್ಟಿಯನ್ನು ಬಾಗಿಲ ಬಳಿ ತಂದಿಟ್ಟಳು. ಒಳಗೆಲ್ಲೋ ಒಂದು ಗಡ್ಡೆ ಕೊಳೆತಿತ್ತು. ಬುಟ್ಟಿಗೆ ಮೂಗಿಟ್ಟು ಹುಡುಕತೊಡಗಿದೆ. ಹಾಗೆ ಹುಡುಕುವುದನ್ನು ಕಲಿಸಿದ ಅಕ್ಕಾವ್ರು ನೆನಪಾದರು...

ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕಾವ್ರು ಎನ್ನುತ್ತೇವೆ. ಇವರು ಗುಲಬರ್ಗಾ ಕಡೆಯವರು. ಈಗಿನ ಸಂಭಾಜಿನಗರ ಇನ್ನೂ ಔರಂಗಾಬಾದ್ ಆಗಿದ್ದಾಗ ಅಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದರು, ನಮ್ಮ ಗಲ್ಲಿಯಲ್ಲೇ ಮನೆ. ನಾನು ಭಾಲ್ಕಿಯಿಂದ ಬರಿಗೈಯಲ್ಲಿ ಬಂದು, ವೈಜಾಪುರದಲ್ಲಿ ಉಳ್ಳಾಗಡ್ಡಿ ಕೊಂಡು, ಅಲ್ಲೇ ಶೆಡ್ಡಿನಲ್ಲಿ ಕೂಡಿಟ್ಟು ಮಾರುವ ವ್ಯಾಪಾರಕ್ಕೆ ಇಳಿದವನು.

ಒಂದು ದಿನ ಮನೆಗೇ ಬಂದರು. "ಸಾವ್ಕಾರ್ರ, ನಿಮ್ಮ ಶೆಡ್ಡಿನಾಗ ಒಂದು ಮೂಲಿ ಕೊಡ್ರಿ. ಉಳ್ಳಾಗಡ್ಡಿ ಯಾಕ ಕೊಳಿತದ ಅಂತ ನೋಡಬೇಕಾಗ್ಯದ."

"ದೇವರು ಹಂಗ ಮಾಡ್ಯಾನ್ರಿ ಅಕ್ಕಾವ್ರ."

"ಹಂಗಾದ್ರ ದೇವರನ್ನೂ ಒಂದು ಮಾತು ಕೇಳಿ ನೋಡೋಣ್ರಿ."

ಕೆಟ್ಟ ಮಾಲಿನ ನಷ್ಟವೆಲ್ಲ ನಿಮ್ಮ ತಲೆಗೆ ಎಂದೆ. ಅವರು ಚೌಕಾಸಿಯನ್ನೇ ಮಾಡದೆ ಒಪ್ಪಿಬಿಟ್ಟರು. ಹಾಗೆ ಒಪ್ಪುವವರನ್ನು ಕಂಡರೆ ನನಗೆ ಗಲಿಬಿಲಿ. ಇವರಿಗೆ ಇದರಲ್ಲಿ ಗಿಟ್ಟುವುದೇನು?

ಮೂರು ಮಳೆಗಾಲ, ಪ್ರತಿ ಭಾನುವಾರ ಕೆಂಪು ಬಸ್ಸಿನಲ್ಲಿ ಬಂದರು. ರಾಶಿಯೊಳಗೆ ಪೈಪು ತೂರಿಸಿ, ಅದರ ಬಾಯಿಗೆ ಮೂಗಿಟ್ಟು ಮೂಸಿ, ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಕೊನೆಗೆ ಬಿದಿರು ಕಟ್ಟಿಸಿ ನೆಲದಿಂದ ಎರಡಡಿ ಮೇಲೆ ಅಟ್ಟಣಿಗೆ ಮಾಡಿಸಿ, ರಾಶಿಯನ್ನು ಅಗಲ ಕಡಿಮೆ ಇರುವಂತೆ ಹಾಕಿಸಿದರು. ಅಡಿಯಿಂದ ಗಾಳಿ ಆಡಿತು. ಮೊದಲೆಲ್ಲ ದಸರಾ ಹೊತ್ತಿಗೆ ಟೆಂಪೋಗಟ್ಟಲೆ ಕೊಳೆತದ್ದನ್ನು ಹೊರಗೆ ಸುರಿಸುತ್ತಿದ್ದೆ. ಆ ವರ್ಷ ಒಂದು ಕೈಗಾಡಿ ಸಾಕಾಯಿತು.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ರೈತರ ಹತ್ತಿರ ಕೊಳ್ಳುವಾಗ "ಅರ್ಧಾ ಕೊಳತು ಹೋಗ್ತದಪ್ಪ" ಎಂದೇ ಭಾವು, ಅಂದರೆ ಬೆಲೆ, ಇಳಿಸುವವನು ನಾನು. ನೀವು ವ್ಯಾಪಾರಕ್ಕೆ ಇಳಿಯುವುದಾದರೆ ಇದೊಂದು ತಿಳಿದಿರಲಿ: ಮಾಲು ಕೆಡದೆ ಉಳಿದ ಸುದ್ದಿ ಗೇಟು ದಾಟಬಾರದು.

ಆಮೇಲೊಂದು ಸಂಜೆ ಅಕ್ಕಾವ್ರು ಬಂದರು. ದೇಶದ ವಿಶ್ವವಿದ್ಯಾಲಯಗಳ ಸಂಶೋಧನೆಯನ್ನೆಲ್ಲ ಪರೀಕ್ಷಿಸಿ ದರ್ಜೆ ಕೊಡುವ ಸಮಿತಿ ಬರುತ್ತದಂತೆ. ಎಷ್ಟು ಲೇಖನ ಅಚ್ಚಾಗಿವೆ ಎಂದು ನೋಡುತ್ತಾರೆ, ಅದರಿಂದ ಯಾರಿಗೆ ಉಪಯೋಗವಾಯಿತು ಎಂದೂ ಕೇಳುತ್ತಾರೆ.

"ನಂದು ಅಂತ ತೋರಸಾಕ ನಿಮ್ಮ ಶೆಡ್ಡ ಒಂದೇ ಅದರಿ. ದರ್ಜೆ ಚಲೋ ಬಂದ್ರ ನನ್ನ ಲ್ಯಾಬ್ ಉಳೀತದ. ಇಲ್ಲಂದ್ರ ಕೀಲಿ ಹಾಕ್ತಾರ. ಇದ್ದದ್ದು ಇದ್ದಂಗ ಹೇಳಿದ್ರ ಸಾಕು."

"ಅದೇನ್ ದೊಡ್ಡ ಮಾತು ಬಿಡ್ರಿ" ಎಂದೆ.

ಸಮಿತಿಯವರು ಮೂವರು ಅಕ್ಕಾವ್ರ ಜೊತೆ ಜೀಪಿನಲ್ಲಿ ಬಂದರು. ಅಂದು ಅಂಗಳದಲ್ಲಿ ಮಾಲು ತಂದ ರೈತರು ಟ್ರ್ಯಾಕ್ಟರುಗಳ ಮೇಲೆಯೇ ಕೂತಿದ್ದರು, ಭಾವು ಇನ್ನೂ ಕುದುರಿರಲಿಲ್ಲ. ಕನ್ನಡಕದ ಹಿರಿಯರು ಎಲ್ಲರೆದುರೇ ಹಿಂದಿಯಲ್ಲಿ ಕೇಳಿದರು, "ಮೇಡಮ್ ಕೇ ಕಾಮ್ ಸೇ ಕುಛ್ ಫಾಯದಾ ಹುವಾ?" ಮೇಡಮ್ ಕೆಲಸದಿಂದ ಏನಾದರೂ ಲಾಭವಾಯಿತೇ ಎಂದು.

ಇಪ್ಪತ್ತು ಜೋಡಿ ಕಿವಿಗಳು ನನ್ನ ಕಡೆ ತಿರುಗಿದವು. ನಾಲಿಗೆ ತಾನಾಗಿಯೇ ಆಡಿತು: "ಪ್ಯಾಜ್ ಹೈ ಸಾಬ್, ಸಡತಾ ಹೀ ಹೈ. ಥೋಡಾ ಬಹುತ್ ಫರಕ್..." ಉಳ್ಳಾಗಡ್ಡಿ ಅಂದಮೇಲೆ ಕೊಳೆಯುವುದೇ, ಏನೋ ಚೂರುಪಾರು ವ್ಯತ್ಯಾಸ.

ಇದು ಮೊದಲ ಮಾತು. ನಮ್ಮಲ್ಲಿ ಮೊದಲ ಮಾತನ್ನು ಯಾರೂ ನಂಬುವುದಿಲ್ಲ. ಎದುರಿನವರು ಮತ್ತೆ ಕೇಳಬೇಕು, ನಾವು ಸ್ವಲ್ಪ ಬಿಗಿಯಬೇಕು, ಆಮೇಲೆ ಪಕ್ಕಕ್ಕೆ ಕರೆದು ಟವೆಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಲೆಕ್ಕ ಹೇಳುವಾಗ ನಿಜವಾದ ಭಾವು ಬರುತ್ತದೆ. ಒಳಗೆ ಕೂಡಿಸಿ ಚಹಾ ಕೊಡುವಾಗ ಎಲ್ಲ ಹೇಳಿದರಾಯಿತು ಎಂದು ಕಾದೆ. ಆದರೆ ಆ ಹಿರಿಯರು ನನ್ನ ಮಾತನ್ನು ಬರೆದುಕೊಂಡು, ಫೈಲು ಮುಚ್ಚಿ, "ಧನ್ಯವಾದ್" ಎಂದರು. ಜೀಪಿನವರೆಗೆ ಓಡಿ ಚಹಾ ಎಂದೆ. ಹೊತ್ತಾಯಿತು ಎಂದರು.

ಅಕ್ಕಾವ್ರು ಜೀಪು ಹತ್ತುವ ಮೊದಲು ನನ್ನನ್ನೇ ನೋಡಿದರು. "ಮತ್ತೊಮ್ಮೆ ಕೇಳ್ತಾರಂತ ತಿಳ್ಕೊಂಡಿದ್ರೇನ್ರಿ ಸಾವ್ಕಾರ್ರ?"

"ಹೌದ್ರಿ..."

ಅವರಿಗೆ ಸಿಟ್ಟು ಬಂತೋ ನಗು ಬಂತೋ ಇವತ್ತಿಗೂ ಗೊತ್ತಾಗಿಲ್ಲ.

ದರ್ಜೆ ಇಳಿಯಿತು, ಲ್ಯಾಬಿಗೆ ಕೀಲಿ ಬಿತ್ತು. ಇದ್ದದ್ದೆಲ್ಲ ಬರೆಸಿದ ಕಾಗದ ಹಿಡಿದು ಅವರ ಮನೆಗೆ ಹೋದೆ. "ಅವರ ಪದ್ಧತ್ಯಾಗ ಎರಡನೇ ಮಾತಿಗೆ ಜಾಗಿಲ್ರಿ" ಎಂದರು. ನಾನು ಮುಖ ಸಣ್ಣ ಮಾಡಿದ್ದು ಕಂಡು, "ನಿಮ್ಮೊಬ್ಬರಿಂದ ಅಲ್ರಿ, ಲೇಖನಾನೂ ಕಮ್ಮಿ ಬಿದ್ವು" ಎಂದರು. ಅದು ನಿಜವೋ, ನನ್ನ ಸಮಾಧಾನಕ್ಕೋ? ಮೂರು ವರ್ಷದ ದುಡಿಮೆಯನ್ನು ಒಬ್ಬ ವ್ಯಾಪಾರಿಯ ಒಂದು ಮಾತಿನ ಮೇಲೆ ಅಳೆಯುತ್ತಾರೆಯೇ? ಅಳೆಯುವುದಿಲ್ಲವಾದರೆ ಅಷ್ಟು ದೂರ ಬಂದು ಕೇಳಿದ್ದೇಕೆ? ಎಷ್ಟು ಯೋಚಿಸಿದರೂ ತಲೆಬುಡ ತಿಳಿಯುವುದಿಲ್ಲ.

ನಿವೃತ್ತಿಯಾಗಿ ಗುಲಬರ್ಗಾಕ್ಕೆ ಹೋದರು. ಹೋಗಿ ನೋಡಬೇಕು ಎಂದುಕೊಳ್ಳುತ್ತಲೇ ಇದ್ದೆ... ಊರಿನ ಸಂಬಂಧಿಕರೊಬ್ಬರು ಫೋನಿನಲ್ಲಿ ಬೇರೇನೋ ಮಾತಾಡುತ್ತ, ಅವರು ತೀರಿಹೋಗಿ ವರ್ಷವಾಯಿತು ಎಂದರು.

ಹೋದ ತಿಂಗಳು ನಾಶಿಕದ ಹತ್ತಿರದ ಹಳ್ಳಿಯೊಂದಕ್ಕೆ ಮಾಲು ನೋಡಲು ಹೋಗಿದ್ದೆ. ಅಲ್ಲಿಯ ರೈತನೊಬ್ಬ ಬಿದಿರಿನ ಅಟ್ಟಣಿಗೆ ಕಟ್ಟುತ್ತಿದ್ದ. ಸುತ್ತ ನಾಲ್ಕೈದು ಜನ. "ಶೇಟ್, ಇದರಿಂದ ಏನಾದರೂ ಫರಕು ಬೀಳುತ್ತದೆಯೇ?" ಎಂದು ಮರಾಠಿಯಲ್ಲಿ ಕೇಳಿದ. ಟೆಂಪೋಗಳ ಕಥೆ, ಕೈಗಾಡಿಯ ಕಥೆ, ಅಕ್ಕಾವ್ರ ಹೆಸರು, ಎಲ್ಲವನ್ನೂ ಹೇಳಿದೆ. "ಹಂಗಾದರೆ ಭಾವು ಏರಿಸಿ!" ಎಂದು ಒಬ್ಬ ನಕ್ಕ. ಏರಿಸಿದೆ.

ಮೊದಲ ಮಾತಿಗೇ ಪೂರ್ತಿ ಹೇಳಿದ್ದೆ. ಬರೆದುಕೊಳ್ಳುವವರು ಅಲ್ಲಿ ಯಾರೂ ಇರಲಿಲ್ಲ.