ಕಾಡುಬೆಕ್ಕಿಗೆ ಹಾಕಿದ ಬಿರಿಯಾನಿ

ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನ ಹತ್ತಿರ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಆ ಬೀದಿಯಲ್ಲಿ ನನ್ನಂಥ ಫೋಟೋಗ್ರಾಫರ್ ಇನ್ನೊಬ್ಬನಿರಲಿಲ್ಲ. ಆ ಬೀದಿಯಲ್ಲಿ ಇನ್ನೊಂದು ಸ್ಟುಡಿಯೋನೇ ಇರಲಿಲ್ಲ ಎಂಬುದು ಬೇರೆ ಮಾತು. ಬೀದರ್, ಸೇಡಂ, ಯಾದಗಿರಿ ಕಡೆಯಿಂದ ರೈಲಿಳಿದು ಬಂದವರು ಮೊದಲು ಚಹಾ ಕುಡಿಯುತ್ತಿದ್ದರು, ಆಮೇಲೆ ನನ್ನ ಹತ್ತಿರ ಬಂದು ಫೋಟೋ ತೆಗೆಸುತ್ತಿದ್ದರು. ಒಮ್ಮೆ ಒಬ್ಬ ಹೊಸ ಮದುಮಗನಿಗೆ, "ಉಸುರು ಬಿಟ್ರ ಫೋಟೋದಾಗ ಮೀಸಿ ಮೂಡಂಗಿಲ್ಲ ನೋಡಪಾ" ಎಂದಿದ್ದೆ. ಪುಣ್ಯಾತ್ಮ ಉಸಿರು ಕಟ್ಟಿಕೊಂಡು ಕೂತ. ಮುಖ ಬದನೆಕಾಯಿಯಾಯಿತು. ಮಾವನ ಮನೆಯವರು ಗಾಬರಿಯಾಗಿ ನೀರು ಚಿಮುಕಿಸಿದರು. ಫೋಟೋ ಮಾತ್ರ ಅದ್ಭುತವಾಗಿ ಬಂತು, ಮೀಸೆಸಮೇತ.

ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ನಗಿಸುವುದು ನನ್ನ ಚಾಳಿ. ಆದರೆ ಈಗ ಹೇಳಹೊರಟಿರುವ ಸಂಗತಿಯಲ್ಲಿ ನನಗೆ ನಗು ಬಂದಿದ್ದು ಕಡಿಮೆ, ವಾಕರಿಕೆ ಬಂದಿದ್ದು ಹೆಚ್ಚು.

ಡಿಜಿಟಲ್ ಕ್ಯಾಮೆರಾ ಬಂದು ನನ್ನ ಡಾರ್ಕ್‌ರೂಮಿಗೆ ಕೆಲಸವಿಲ್ಲದಂತಾದಾಗ ಸ್ಟುಡಿಯೋ ಮಾರಿದೆ. ನಾನೂ ನನ್ನ ಹೆಂಡತಿಯೂ ಮಣಿಕೊಂಡದ ಒಂದು ಅಪಾರ್ಟ್‌ಮೆಂಟಿಗೆ ಬಂದೆವು. ಗಚ್ಚಿಬೌಲಿಯ ಕಂಪನಿಗಳಿಗೆ ಹೋಗುವ ಹುಡುಗರೇ ಅಲ್ಲಿ ತುಂಬಿದ್ದರು. ಸುತ್ತ ಇನ್ನೂ ಬಂಡೆಗಳಿದ್ದವು, ಒಂದರ ಮೇಲೊಂದು ಕೂತ ಆನೆಗಾತ್ರದ ಬಂಡೆಗಳು. ಬೆಳಿಗ್ಗೆ ಬಂಡೆಯಿದ್ದ ಕಡೆ ಸಂಜೆಗೆ ಗುಂಡಿ, ಮುಂದಿನ ಯುಗಾದಿಗೆ ಆರು ಮಹಡಿ. ಅಂಥ ಕಾಲ ಅದು.

ಈ ಹುಡುಗರಲ್ಲಿ ಕೆಲವರು ಸೇರಿ ಫೋಟೋಗ್ರಫಿ ಗುಂಪು ಕಟ್ಟಿಕೊಂಡಿದ್ದರು. ಅವರ ಮುಂದಾಳು ಮೈಸೂರಿನ ಕಡೆಯವನು, ನಯವಾದ ಮಾತಿನವನು. ಅವನ ಲೆನ್ಸು ನನ್ನ ಸ್ಟುಡಿಯೋದ ಸ್ಟೂಲಿಗಿಂತ ಎತ್ತರವಿತ್ತು. ನನ್ನನ್ನು ಹಿರಿಯರೆಂದು ಗುಂಪಿಗೆ ಸೇರಿಸಿಕೊಂಡರು. ನನಗೆ ಗೌರವ ಕೊಟ್ಟವರನ್ನು ನಾನು ಸುಮ್ಮನೆ ಬಿಡುವವನಲ್ಲ. ಡಿಸೆಂಬರಿನಲ್ಲಿ, "ಹೈದರಾಬಾದಿನ ಥಂಡಿಗೆ ಲೆನ್ಸಿನ ಗಾಜು ಬೆವರಿ ಬೂಜು ಹಿಡೀತೈತಿ, ರಾತ್ರಿ ಉಲ್ಲನ್ ಟೋಪಿ ಹಾಕಿ ಮಲಗಸ್ರಿ" ಎಂದೆ. ಮಾರನೆಯ ದಿನ ಗುಂಪಿನ ಅಷ್ಟೂ ಲೆನ್ಸುಗಳು ಮಂಕಿ ಕ್ಯಾಪ್ ಹಾಕಿಕೊಂಡಿದ್ದವು. ಎರಡು ವಾರದ ಮೇಲೆ ಯಾರೋ ಇಂಟರ್‌ನೆಟ್ಟಿನಲ್ಲಿ ಹುಡುಕಿ ಸತ್ಯ ಹೊರಹಾಕಿದರು. ಅಂದಿನಿಂದ ನನ್ನ ಮಾತನ್ನು ಒಬ್ಬನೂ ನಂಬಲಿಲ್ಲ.

ಆ ಚಳಿಗಾಲದಲ್ಲೇ ಮುಂದಾಳು ಬೋನಸ್ ಹಣದಲ್ಲಿ ಆಫ್ರಿಕಾಕ್ಕೆ ಹೋಗಿ ಬಂದ. ಕ್ಲಬ್‌ಹೌಸಿನ ಗೋಡೆಯ ಮೇಲೆ ಅವನ ಫೋಟೋಗಳನ್ನು ದೊಡ್ಡದಾಗಿ ತೋರಿಸಿದರು. ಹುತ್ತದ ಮೇಲೆ ತಾಯಿ ಚೀತಾ, ಕೆಳಗೆ ಸಾಲಾಗಿ ಮರಿಗಳು, ಹಿಂದೆ ಹಳದಿ ಹುಲ್ಲು. ಚೆಂದವಿತ್ತು, ಸುಳ್ಳು ಹೇಳಲಾರೆ. ಆದರೆ ಮರಿಗಳ ಹೊಟ್ಟೆ ಬೆನ್ನಿಗೆ ಅಂಟಿತ್ತು, ತಾಯಿಯ ಕಣ್ಣು ದೂರದಲ್ಲೆಲ್ಲೋ ನೆಟ್ಟಿತ್ತು.

"ಬ್ಯಾಟಿ ಸಿಕ್ಕಿದ್ದಿಲ್ಲೇನು ಅದಕ?" ಎಂದು ಕೇಳಿದೆ.

"ಟ್ರೈ ಮಾಡ್ತಾನೇ ಇತ್ತು ಅಂಕಲ್. ಪ್ರತಿ ಸಲ ಜೀಪುಗಳು ಅಡ್ಡ ಬಂದ್ಬಿಡೋವು. ಹದಿನೈದಿಪ್ಪತ್ತು ಜೀಪಿದ್ವು ಸುತ್ತ. ಆದ್ರೆ ನೋಡಿ, ಒಂದಾದ್ರೂ ಫ್ರೇಮಲ್ಲಿದ್ಯಾ?"

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಬಾಯಲ್ಲಿದ್ದ ಸಮೋಸ ನುಂಗಲಾಗಲಿಲ್ಲ.

ನನಗೂ ಒಂದು ಗುಟ್ಟಿನ ಸಂಸಾರ ಗೊತ್ತಿತ್ತು. ನಮ್ಮ ಕಾಂಪೌಂಡಿನ ಹಿಂದಿನ ಗುಡ್ಡದಲ್ಲಿ ಎರಡು ಬಂಡೆಗಳ ನಡುವೆ ಒಂದು ಸೀಳಿತ್ತು. ಅದರಲ್ಲೊಂದು ಕಾಡುಬೆಕ್ಕು ಮರಿ ಹಾಕಿತ್ತು. ಮನೆಬೆಕ್ಕಲ್ಲ, ಮಣ್ಣಿನ ಬಣ್ಣದ ಮೈ, ಉದ್ದ ಕಾಲು, ಗಿಡ್ಡ ಬಾಲ, ಕಿವಿಯ ತುದಿಯಲ್ಲಿ ಕಪ್ಪು ಕೂದಲಿನ ಕುಚ್ಚು. ಮೂರು ಮರಿಗಳು. ಕಟ್ಟಡದ ಕೆಲಸ ನಡೆಯುವ ಕಡೆ ಇಲಿಗಳಿಗೇನು ಕೊರತೆ? ಬೆಳಕು ಹರಿಯುವ ಹೊತ್ತಿಗೆ ತಾಯಿ ಬಾಯಲ್ಲಿ ಒಂದು ಇಲಿ ನೇತಾಡಿಸಿಕೊಂಡು ಬರುತ್ತಿದ್ದಳು. ನಾನು ದೂರದ ಬಂಡೆಯ ಮರೆಯಲ್ಲಿ ನನ್ನ ಹಳೆಯ ರೀಲ್ ಕ್ಯಾಮೆರಾ ಹಿಡಿದು ಕೂರುತ್ತಿದ್ದೆ. ತಾಯಿ, ಮೂರು ಮರಿ, ಒಂದೇ ಫೋಟೋದಲ್ಲಿ ಬರಬೇಕು. ಅದೂ ನಾನಿರುವುದು ಅವಳಿಗೆ ಗೊತ್ತಾಗದಂತೆ. ಹೆಂಡತಿಯ ಮುಂದೆ ಹಾಗೆಂದು ಜಂಬ ಕೊಚ್ಚಿದ್ದೆ.

"ಲಗ್ನದಾಗ ನಾಕ ಮಂದೀನ ಒಂದ ಕಡಿ ನಿಲ್ಲಸಾಕ ಆಗಲಾರದವ್ರು ನೀವು" ಎಂದಳು ಅವಳು. "ಬೆಕ್ಕು ನಿಮ್ಮ ಮಾತ ಕೇಳ್ತಾವೇನು?"

ನಾನು ದಿನಾ ಬೆಳಿಗ್ಗೆ ಕ್ಯಾಮೆರಾ ಹೊತ್ತು ಗುಡ್ಡ ಹತ್ತುವುದನ್ನು ಮುಂದಾಳು ನೋಡಿದ್ದ. ಒಂದು ಶನಿವಾರ ಸದ್ದಿಲ್ಲದೆ ನನ್ನ ಹಿಂದೆಯೇ ಬಂದ. ಭಾನುವಾರ ಇಡೀ ಗುಂಪು ಬಂತು.

"ಚೀತಾ ಇಲ್ಲಾಂದ್ರೇನಂತೆ, ಅದರ ಬಡ ನೆಂಟಳಾದ್ರೂ ಸಿಕ್ಕಿದ್ಳಲ್ಲ!" ಎಂದು ಅವನು ಕುಣಿದಾಡಿದ. ಅವನಿಗೆ ಆಫ್ರಿಕಾದ ಅದೇ ಫೋಟೋ ಇಲ್ಲಿ ಬೇಕಿತ್ತು. ಎತ್ತರದಲ್ಲಿ ತಾಯಿ, ಕೆಳಗೆ ಸಾಲಾಗಿ ಮರಿಗಳು, ಹಿಂದೆ ಏನೂ ಇರಕೂಡದು. ಅದಕ್ಕೆ ಹೇಳಿ ಮಾಡಿಸಿದಂಥ ಚಪ್ಪಟೆ ಬಂಡೆಯೊಂದು ಸೀಳಿನ ಎದುರೇ ಇತ್ತು. ಆದರೆ ಬೆಕ್ಕು ಆ ಬಯಲಿಗೆ ಯಾಕೆ ಬಂದೀತು? ಸಾಫ್ಟ್‌ವೇರ್ ತಲೆಗಳು ಸೇರಿ ಯೋಚಿಸಿದವು. ವಾರದ ಕೊನೆಗೆ ಅವರ ಫ್ಲ್ಯಾಟುಗಳಿಗೆ ಬರುತ್ತಿದ್ದ ಫ್ಯಾಮಿಲಿ ಪ್ಯಾಕ್ ಬಿರಿಯಾನಿಯಲ್ಲಿ ಉಳಿದದ್ದನ್ನು ತಂದು ಆ ಬಂಡೆಯ ಮೇಲೆ ಸುರಿದರು.

ನಾನು ಬೇಡವೆಂದೆ. "ಅದರ ವಾಸನಿಗಿ ನಾಯಿ ಬರ್ತಾವು" ಎಂದೆ. ಅವರು ಮುಖ ಮುಖ ನೋಡಿಕೊಂಡು ನಕ್ಕರು.

ತಾಯಿಬೆಕ್ಕು ಬಂದಳು. ಅದೇ ನನಗೆ ಹೇಸಿಗೆಯಾದದ್ದು. ಹಸಿದ ಬಾಣಂತಿ, ಬಿಟ್ಟಾಳೆಯೇ? ಹೊಟ್ಟೆ ನೆಲಕ್ಕೆ ಹಚ್ಚಿ ಬಂದು ಕೋಳಿಯ ತುಂಡು ಕಚ್ಚಿಕೊಂಡಳು. ಹಿಂದೆ ಮರಿಗಳು ತೊಡರುತ್ತ ಬಂದವು. ಒಂದು ಮರಿ ಕೆಂಪು ಮಸಾಲೆ ನೆಕ್ಕಿತು. ನೆಕ್ಕಿದ್ದೇ ತಲೆ ಒದರಿ, ಸೀನಿ, ಮೂತಿಯನ್ನು ಕಲ್ಲಿಗೆ ತಿಕ್ಕತೊಡಗಿತು. ಸುತ್ತ ಕ್ಯಾಮೆರಾಗಳು ಟಕಟಕ ಎಂದವು. "ಸೋ ಕ್ಯೂಟ್!" ಎಂದಳು ಗುಂಪಿನ ಹುಡುಗಿಯೊಬ್ಬಳು. ಆ ಮರಿಗೆ ಬಾಯಿ ಉರಿಯುತ್ತಿತ್ತು, ತಾಯೀ. ಅದು ಡ್ಯಾನ್ಸ್ ಮಾಡುತ್ತಿರಲಿಲ್ಲ.

ಆಮೇಲಿನ ಭಾನುವಾರಗಳಲ್ಲಿ ಬಿರಿಯಾನಿ ಹೆಚ್ಚಾಯಿತು. ವಾರವಿಡೀ ಅದು ಅಲ್ಲೇ ಬಿದ್ದಿರುತ್ತಿತ್ತು. ಬಿಸಿಲಿಗೆ ಡಾಲ್ಡಾ ಕರಗಿ ಬಂಡೆಯ ಬಿರುಕಿಗೆ ಇಳಿಯುತ್ತಿತ್ತು. ಅನ್ನದಗುಳು ಒಣಗಿ ಹಲ್ಲಿನ ಹಾಗೆ ಗಟ್ಟಿಯಾಗುತ್ತಿತ್ತು. ಎಲುಬಿನ ಮೇಲೆ ಇರುವೆ, ಇರುವೆಯ ಮೇಲೆ ನೊಣ, ಗಾಳಿಗೆ ಹಾರಾಡುವ ಬೆಳ್ಳಿಕಾಗದ. ಫೋಟೋದಲ್ಲಿ ಇದೊಂದೂ ಇರುತ್ತಿರಲಿಲ್ಲ, ಕಂಪ್ಯೂಟರಿನಲ್ಲಿ ಒರೆಸಿಬಿಡುತ್ತಿದ್ದರು. ನಾನೊಂದು ಸಲ ಚೀಲ ಒಯ್ದು ಬಳಿದು ತುಂಬಿಕೊಂಡು ಬಂದೆ. ಅವರು ಮತ್ತೆ ಸುರಿದರು.

ನಾಯಿಗಳು ಬಂದೇಬಂದವು. ಕೂಲಿಕಾರರ ಶೆಡ್ಡುಗಳ ಹತ್ತಿರ ಅಲೆಯುವ ದಪ್ಪ ತಲೆಯ ನಾಯಿಗಳು. ಮೊದಲು ಎಲುಬಿಗೆ ಬಂದವು. ಆಮೇಲೆ ಸೀಳಿನ ಬಾಯಿಗೆ ಮೂಗು ಹಚ್ಚಿ ಮೂಸತೊಡಗಿದವು.

ಆ ಭಾನುವಾರ ನಾನು ಹೋದಾಗ ತಾಯಿ ಮರಿಗಳನ್ನು ಸಾಗಿಸುತ್ತಿದ್ದಳು. ಒಂದು ಆಗಲೇ ಹೋಗಿತ್ತು. ಎರಡನೆಯದನ್ನು ಕತ್ತು ಕಚ್ಚಿ ಎತ್ತಿಕೊಂಡು ಇಳಿಜಾರಿನ ಕೆಳಗಿನ ಮುಳ್ಳುಪೊದೆಗೆ ಓಡಿದ್ದನ್ನು ನಾನೇ ಕಂಡೆ. ಮೂರನೆಯದು, ಆ ಬಾಯಿ ಉರಿದ ಸಣ್ಣದು, ಸೀಳಿನಲ್ಲಿ ಕೂತು ಕಿರುಚುತ್ತಿತ್ತು. ತಾಯಿ ಅದಕ್ಕಾಗಿ ಹಿಂತಿರುಗುವಷ್ಟರಲ್ಲಿ ಗುಂಪು ಬಂದುಬಿಟ್ಟಿತು. ಬಂದವರು ಸರಿಯಾಗಿ ಅವಳ ದಾರಿಯಲ್ಲೇ ಟ್ರೈಪಾಡ್ ಊರಿದರು. ಇನ್ನೊಂದು ಮಗ್ಗುಲಲ್ಲಿ ನಾಯಿಗಳು ನಾಲಗೆ ಚಾಚಿಕೊಂಡು ನಿಂತಿದ್ದವು. ಪೊದೆಯಲ್ಲಿ ಎರಡು ಕಿವಿಗಳು ಕಂಡವು. ಅವು ಅಲ್ಲಿಂದ ಅಲುಗಲಿಲ್ಲ.

ನಾನು ಹೋಗಿ ಸೀಳಿನ ಬಾಯಿಗೆ ಅಡ್ಡ ಕೂತೆ.

"ಅಂಕಲ್, ಸ್ವಲ್ಪ ಎಡಕ್ಕೆ ಸರೀರಿ ಪ್ಲೀಸ್. ನಿಮ್ಮ ಮೊಣಕಾಲು ಫ್ರೇಮಲ್ಲಿ ಬರ್ತಿದೆ" ಎಂದ ಮುಂದಾಳು.

"ನಾ ಸರದ್ರ ಫ್ರೇಮಿನಾಗ ನಾಯಿ ಬರ್ತಾವು. ನೀವು ದಾರಿ ಬಿಡ್ರಿ, ಅವರವ್ವ ಬಂದು ಒಯ್ತಾಳ."

"ನೇಚರ್ ಅಲ್ವಾ ಅಂಕಲ್? ನಾವು ನಡುವೆ ಕೈ ಹಾಕ್ಬಾರ್ದು."

"ನಿನ್ನ ಬೂಟಿನ ತಳಕ್ಕ ಲೆಗ್ ಪೀಸ್ ಅಂಟೈತಿ ನೋಡಪಾ. ಅದೂ ನೇಚರ್ ಏನು?"

ಅವನು ಕಾಲು ನೋಡಿಕೊಂಡು ಬೂಟನ್ನು ಬಂಡೆಗೆ ಉಜ್ಜಿದ. ಕದಲಲಿಲ್ಲ. ನನ್ನ ಹಳೆಯ ಅಸ್ತ್ರ ತೆಗೆದೆ. "ಹಿಂದ ನಾಗರ ಐತಿ, ಹೆಡಿ ಎತ್ಯಾದ!" ಎಂದು ಚೀರಿದೆ.

"ಅದಕ್ಕೂ ಮಂಕಿ ಕ್ಯಾಪ್ ಹಾಕೋಣ್ವಾ ಅಂಕಲ್?"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಹೆದರಿಸಿದರೆ ಇವರು ಹೋಗುವವರಲ್ಲ, ನನ್ನ ಬಾಯಿಂದ ಬಂದರಂತೂ ಇಲ್ಲವೇ ಇಲ್ಲ. ಹಾವಿಗೂ ಹುಲಿಗೂ ಅಂಜದವರು ಯಾವುದಕ್ಕೆ ಅಂಜುತ್ತಾರೆ? ಅವರೆಲ್ಲರ ಹೊಸ ಕಾರುಗಳು ಗುಡ್ಡದ ಆಚೆಯ ರಸ್ತೆಯಲ್ಲಿ ಸಾಲಾಗಿ ನಿಂತಿದ್ದವು. ಕೆಲವುಗಳ ಸೀಟಿನ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ.

ಗುಂಪಿಗೆ ಕೇಳಬಾರದೆಂದು ಮುಖವನ್ನು ಸೀಳಿನೊಳಗೆ ತೂರಿಸಿ, ಮರಿ ನನ್ನ ಮೂಗಿನ ಹತ್ತಿರವೇ ಫುಸ್ಸೆನ್ನುತ್ತಿರಲು, ನಮ್ಮ ವಾಚ್‌ಮನ್‌ಗೆ ಫೋನ್ ಮಾಡಿದೆ. ಸೇಡಂ ಕಡೆಯವನು, ನನ್ನ ಕುಚೋದ್ಯಗಳನ್ನೆಲ್ಲ ಬಲ್ಲವನು.

"ಆ ಮೈಸೂರು ಸಾಹೇಬ್ರಿಗೆ ಫೋನ್ ಹಚ್ಚು. ಟ್ರಾಫಿಕ್‌ನವರು ಕ್ರೇನ್ ತಂದಾರ, ಕಾರು ಎತ್ತಾಕತ್ತಾರ ಅನ್ನು."

"ಕಾಕಾ, ನನ್ನ ನೌಕರಿ ತಗೀತೀರಿ ನೀವು."

"ಇಲ್ಲೊಂದು ಕೂಸಿನ ಜೀವ ಹೊಂಟೈತೋ!"

"ಯಾರ್ದು ಕಾಕಾ?"

"ಬೆಕ್ಕಿಂದು. ಬಡಬಡ ಹಚ್ಚು."

"ಬೆಕ್ಕಿಂದಾ?" ಎಂದ ಅವನು. ಆಮೇಲೆ ಫೋನ್ ಇಟ್ಟ. ಇನ್ನೇನು ಆಸೆ ಬಿಡಬೇಕು ಎನ್ನುವಾಗ ಮುಂದಾಳಿನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು.

"ಹಲೋ? ಯಾವ ಕ್ರೇನು? ನನ್ ಕಾರಾ? ಎತ್ತಿಬಿಟ್ರಾ?"

ಅಷ್ಟೇ. ಆ ಲೆನ್ಸುಗಳನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡು, ಜಾರುತ್ತ, ಒಬ್ಬರ ಮೇಲೊಬ್ಬರು ಬೀಳುತ್ತ ಗುಡ್ಡದ ಆಚೆ ಇಳಿದುಹೋದರು. ಅಂಥ ಓಟವನ್ನು ನನ್ನ ಜನ್ಮದಲ್ಲಿ ಕಂಡಿಲ್ಲ.

ಉಳಿದದ್ದು ನಾಯಿಗಳು. ಗುಂಪಿನವರು ಬಿಟ್ಟುಹೋದ ಒಂದು ಟ್ರೈಪಾಡ್ ಬಲಗೈಯಲ್ಲಿ, ಕಲ್ಲು ಎಡಗೈಯಲ್ಲಿ ಹಿಡಿದು ನಾನು ಸೀಳಿನಿಂದ ದೂರ ಸರಿದು ಅವುಗಳ ಎದುರು ನಿಂತೆ. ಅವು ಗುರ್ರೆಂದವು, ನಾನೂ ಗುರ್ರೆಂದೆ. ನಾನು ಅವುಗಳಿಗಿಂತ ಚೆನ್ನಾಗಿ ಗುರ್ರೆನ್ನುತ್ತೇನೆ, ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ.

ಆಗ ಅವಳು ಬಂದಳು. ಪೊದೆಯಿಂದ ಹೊರಟು, ನನ್ನಿಂದ ಒಂದು ಮಾರು ದೂರದಲ್ಲಿ ಹಾದು, ಅಲ್ಲೇ ನಿಂತಳು. ಪಕ್ಕೆಲುಬು ಎಣಿಸುವಷ್ಟು ಬಡವಾಗಿದ್ದಳು. ನಾಯಿಗಳ ಕಡೆ ನೋಡಿ ಹಲ್ಲು ತೋರಿಸಿ ಫುಸ್ಸೆಂದಳು. ಆಮೇಲೆ ಮುಖ ತಿರುಗಿಸಿ ನನ್ನ ಕಡೆಗೂ ಹಲ್ಲು ತೋರಿಸಿ ಫುಸ್ಸೆಂದಳು. ಎರಡರಲ್ಲಿ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಇಷ್ಟು ದಿನ ಅವಳ ಕಣ್ಣಿಗೆ ಬೀಳದಂತೆ ಕೂತಿದ್ದೇನೆಂದು ನಾನು ಜಂಬಪಡುತ್ತಿದ್ದೆ. ಅವಳಿಗೆ ನಾನು ಮೊದಲ ದಿನದಿಂದಲೂ ಕಂಡಿದ್ದೆನೆಂದು ತೋರುತ್ತದೆ. ಸೀಳಿಗೆ ನುಗ್ಗಿದಳು, ಮರಿಯ ಕತ್ತು ಹಿಡಿದು ಹೊರಬಂದಳು, ಕೆಳಗಿಳಿದು ಹೋದಳು. ಕ್ಯಾಮೆರಾ ನನ್ನ ಕೊರಳಲ್ಲೇ ನೇತಾಡುತ್ತಿತ್ತು. ಎರಡು ಕೈಯೂ ಖಾಲಿಯಿರಲಿಲ್ಲ.

ನಾನು ಕಲ್ಲು ಬೀಸಿ ನಾಯಿಗಳನ್ನು ಶೆಡ್ಡುಗಳ ಕಡೆ ಅಟ್ಟಿದ ಸ್ವಲ್ಪ ಹೊತ್ತಿಗೆ ಗುಂಪು ಬೆವರು ಸುರಿಸುತ್ತ, ಬೈಯುತ್ತ ಮೇಲೆ ಬಂತು.

"ಕ್ರೇನೂ ಇಲ್ಲ, ಏನೂ ಇಲ್ಲ! ವಾಚ್‌ಮನ್‌ನ ಕೇಳಿದ್ರೆ 'ಬಂದಿತ್ತು ಸಾರ್, ಹೋತು' ಅಂತಾನೆ. ಅಂಕಲ್, ಮರಿ ಎಲ್ಲಿ?"

"ಅವರವ್ವ ಒಯ್ದಳು."

"ಫೋಟೋ ತೆಗೆದ್ರಾ?"

"ಇಲ್ಲ."

"ಛೇ! ಎಂಥಾ ಶಾಟ್ ವೇಸ್ಟ್ ಮಾಡಿಬಿಟ್ರಿ. ಹೋಗ್ಲಿ, ಯಾವ ಕಡೆ ಹೋಯ್ತು?"

ಅವನ ಕೈಯಲ್ಲಿ ಆಗಲೇ ಇನ್ನೊಂದು ಬಿರಿಯಾನಿ ಪೊಟ್ಟಣವಿತ್ತು. ತಳದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಕೈಯೆತ್ತಿ ನೆಟ್ಟಗೆ ಇಳಿಜಾರಿನ ಕೆಳಗಿನ ಮುಳ್ಳುಪೊದೆಯನ್ನು ತೋರಿಸಿದೆ. "ಅಲ್ಲೇ ಐತಿ. ಮೂರೂ ಮರಿ ಅಲ್ಲೇ ಅದಾವ. ದೇವರಾಣಿ ಹೇಳ್ತೀನಿ."

ಅವನು ಪೊದೆಯನ್ನು ನೋಡಿದ, ನನ್ನ ಮುಖ ನೋಡಿದ, ಉಳಿದವರನ್ನು ನೋಡಿದ.

"ಗೊತ್ತು ಬಿಡಿ ಅಂಕಲ್ ನಿಮ್ಮ ವಿಷ್ಯ" ಎಂದು ನಕ್ಕ. ಎಲ್ಲರೂ ಟ್ರೈಪಾಡ್ ಎತ್ತಿಕೊಂಡು, ಆ ಪೊಟ್ಟಣದ ಸಮೇತ, ಗುಡ್ಡದ ಇನ್ನೊಂದು ಕಡೆಗೆ ಇಳಿದುಹೋದರು.