ರಾಗಿ ಸರಿ ಸೋಸಿದ ಬಟ್ಟೆ

ನನ್ನ ತಮ್ಮನ ಹೆಂಡತಿ ಸಾವಿತ್ರಿ ಉಪಾಧ್ಯಾಯಿನಿ ಆಗದೆ ಹೋದದ್ದು ಅವಳ ಮಗುವಿನ ಹಠದಿಂದಲ್ಲ, ನನ್ನಿಂದ. ಮೂವತ್ತಮೂರು ವರ್ಷ ಈ ಮಾತನ್ನು ಯಾರಿಗೂ ಹೇಳಿಲ್ಲ. ಈಗ ಬರೆಯುತ್ತಿದ್ದೇನೆ.

ದಿನ, ೧೯೫೯ರ ಮೇ ತಿಂಗಳ ಒಂದು ಗುರುವಾರ. ಹೊತ್ತು, ಬೆಳಿಗ್ಗೆ ಏಳೂವರೆ. ಸ್ಥಳ, ಅರಸೀಕೆರೆಯಲ್ಲಿ ನಾವಿದ್ದ ಬಾಡಿಗೆ ಮನೆಯ ಅಡಿಗೆಮನೆ. ಇದ್ದವರು ಇಬ್ಬರೇ: ಕಾಲು ನೀಡಿ ಕೂತ ನಾನು, ಕಾಲ ಮೇಲೆ ಮಲಗಿಸಿಕೊಂಡ ಎಂಟು ತಿಂಗಳ ಕೂಸು ನಿರ್ಮಲ. ಸಾವಿತ್ರಿ ಅಲ್ಲಿರಲಿಲ್ಲ. ರಾಗಿ ಸರಿ ತಿನ್ನಿಸುವ ಹೊತ್ತಿನಲ್ಲಿ ತಾಯಿ ಕೂಸಿನ ಕಣ್ಣಿಗೆ ಬೀಳಬಾರದು, ಹಾಲಿನ ನೆನಪಾಗುತ್ತದೆ — ಇದು ನಾನೇ ಮಾಡಿದ ನಿಯಮ. ಅವಳು ಹಿತ್ತಲ ಬಾವಿಕಟ್ಟೆಯ ಮೇಲೆ ಕೂತು ಮಗುವಿನ ಅಳು ಕೇಳುತ್ತಿದ್ದಳು.

ನಾನು ಯಾರೆಂದು ಎರಡು ಮಾತು. ಮದುವೆಯಾಗಿ ಹದಿನಾಲ್ಕನೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡೆ. ತಂದೆಯವರು ಧೈರ್ಯ ಮಾಡಿ ಓದಿಸಿದರು, ಮೈಸೂರಿನಲ್ಲಿ ಹಾಸ್ಟೆಲಿಗೆ ಸೇರಿಸಿ ಟ್ರೈನಿಂಗ್ ಮಾಡಿಸಿದರು. ಅಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಊಟ, ಗಂಟೆ ಹೊಡೆದರೆ ದೀಪ ಆರಿಸಬೇಕು. ಆ ಗಂಟೆ ನನ್ನೊಳಗೆ ಇಂದಿಗೂ ನಿಂತಿಲ್ಲ. ಆಮೇಲೆ ಅರಸೀಕೆರೆಯ ಪ್ರಾಥಮಿಕ ಶಾಲೆಯಲ್ಲಿ ಕೆಲಸವಾಯಿತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ತಮ್ಮ ಶೀನನ ಜೊತೆ ಇದ್ದೆ. ಅಡಿಗೆಮನೆ ನನ್ನದು, ಮಡಿ ನನ್ನದು, ಗೋಡೆ ಗಡಿಯಾರಕ್ಕೆ ಕೀ ಕೊಡುವುದೂ ನಾನೇ.

ಸಾವಿತ್ರಿ ಹಾರನಹಳ್ಳಿಯವಳು. ಎಸ್ಸೆಸ್ಸೆಲ್ಸಿ ಮುಗಿಸಿ ನಮ್ಮ ಮನೆಗೆ ಬಂದವಳು. ಆ ವರ್ಷ ಅವಳಿಗೆ ಹಾಸನದಲ್ಲಿ ಉಪಾಧ್ಯಾಯಿನಿ ಟ್ರೈನಿಂಗಿಗೆ ಸೀಟು ಸಿಕ್ಕಿತು. ಹಾಸ್ಟೆಲಿನಲ್ಲಿರಬೇಕು, ಕೂಸನ್ನು ಕರೆದೊಯ್ಯುವ ಹಾಗಿಲ್ಲ. ಬರುತ್ತೇನೋ ಇಲ್ಲವೋ ಎಂದು ಸೋಮವಾರದೊಳಗೆ ಕಾಗದ ತಲುಪಿಸಬೇಕಿತ್ತು.

ಶೀನ ಒಳ್ಳೆಯವನು. "ಮನೇಲಿ ಇಬ್ಬರು ಮಿಸ್ಸುಗಳಾದರೆ ನಾನು ಬೆಂಚಿನ ಮೇಲೇ ನಿಲ್ಲಬೇಕು ಕಣೇ," ಎಂದು ನಕ್ಕ. ಆಮೇಲೆ ಹೇಳಿದ, "ಕೂಸು ಹಾಲು ಬಿಟ್ಟು ಬೇರೆ ಏನಾದರೂ ತಿನ್ನಲಿ. ತಿಂದರೆ ಹೋಗು. ತಿನ್ನದೇ ಇದ್ದರೆ ಹೇಗೆ ಕಳಿಸೋದು?"

"ಅದು ನನಗೆ ಬಿಡು," ಎಂದೆ. "ನಲವತ್ತು ಮಕ್ಕಳನ್ನ ಕೂರಿಸಿ ಮಗ್ಗಿ ಹೇಳಿಸ್ತೀನಿ. ಇದೊಂದು ಕೂಸಿಗೆ ತಿನ್ನಿಸಕ್ಕೆ ಆಗಲ್ವ?" ಶಾಲೆಗೆ ರಜೆ ಇತ್ತು. ರಜೆ ಮುಗಿದ ಮೇಲೆ ಹಗಲು ಹೊತ್ತು ಕೂಸನ್ನು ನೋಡಿಕೊಳ್ಳಲು ನಮ್ಮ ಚಿಕ್ಕಮ್ಮ ಬಂದು ಇರಲು ಒಪ್ಪಿದ್ದರು. ಆಗಬೇಕಾದದ್ದು ಒಂದೇ — ಕೂಸು ತಿನ್ನಬೇಕು.

ನನ್ನ ಕ್ರಮ ಹೀಗಿತ್ತು. ಬೆಳಿಗ್ಗೆ ಆರಕ್ಕೆ ಸ್ನಾನ. ಬೇವಿನ ಸೊಪ್ಪು ಅರೆದು, ಮಡಿಬಟ್ಟೆಯಲ್ಲಿ ಹಿಂಡಿ, ರಸವನ್ನು ಲೋಟದಲ್ಲಿಟ್ಟು ಸಾವಿತ್ರಿಗೆ ಕೊಡುವುದು. ಹಗಲು ಅವಳು ಅದನ್ನು ಎದೆಗೆ ಸವರಿಕೊಳ್ಳಬೇಕು, ಕೂಸು ತಾನಾಗಿ ಹಾಲು ಬಿಡಬೇಕು. ರಾತ್ರಿ ಮಾತ್ರ ತೊಳೆದುಕೊಂಡು ಕುಡಿಸಬಹುದು. ಏಳಕ್ಕೆ, ನೆನೆಸಿಟ್ಟ ರಾಗಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಹಾಲು ತೆಗೆದು, ಬೆಲ್ಲ ಹಾಕಿ ಸರಿ ಕಾಯಿಸಿ, ಮೇಲೆ ಒಂದು ತೊಟ್ಟು ತುಪ್ಪ. ದೇವರಿಗೆ ತೋರಿಸಿ ಏಳೂವರೆಗೆ ಕೂಸಿಗೆ. ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ಮತ್ತೆ ಅದೇ.

ಬಟ್ಟೆ ಒಂದೇ. ಇಲ್ಲಿದೆ ತಪ್ಪು.

ಹಳೆಯ ಪಂಚೆಯ ತೆಳು ತುಂಡು ಅದು. ಮಡಿಕೋಲಿನ ಮೇಲೆ ಒಣಗುತ್ತಿತ್ತು, ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಸೋಪಿಗೆ ಕೊಬ್ಬು ಸೇರಿರುತ್ತದೆಂದು ಮಡಿಬಟ್ಟೆಗೆ ನಾನು ಸೋಪು ತಾಗಿಸುತ್ತಿರಲಿಲ್ಲ. ಬೇವು ಹಿಂಡಿದ ಮೇಲೆ ತಣ್ಣೀರಿನಲ್ಲಿ ಮೂರು ಸಲ ಜಾಲಿಸುವುದು, ಅದರಲ್ಲೇ ರಾಗಿ ಹಿಂಡುವುದು. ಕಣ್ಣಿಗೆ ಶುಭ್ರವಾಗಿಯೇ ಕಾಣುತ್ತಿತ್ತು. ಇನ್ನು ರುಚಿ ನೋಡುವುದು — ನೈವೇದ್ಯಕ್ಕೆ ಮೊದಲು ನೋಡುವ ಹಾಗಿಲ್ಲ. ಕೂಸಿನ ಬಾಯಿಗೆ ಹೋದ ಮೇಲೆ ಅದು ಎಂಜಲು, ಆಗಲೂ ನೋಡುವ ಹಾಗಿಲ್ಲ. ಸಾವಿತ್ರಿಗೆ ಆ ಹೊತ್ತಿನಲ್ಲಿ ಅಡಿಗೆಮನೆಯ ಕಡೆಗೇ ಪ್ರವೇಶವಿರಲಿಲ್ಲ. ಹೀಗೆ ಆ ಮನೆಯಲ್ಲಿ ಸರಿಯ ರುಚಿ ಗೊತ್ತಿದ್ದದ್ದು ಮಾತು ಬಾರದ ಒಂದು ಜೀವಕ್ಕೆ ಮಾತ್ರ.

ಹಕ್ಕಿಯ ಕೊಕ್ಕಿನ ಹಾಗೆ ಮೂತಿ ಇರುವ ಬೆಳ್ಳಿ ಒಳಲೆಯಲ್ಲಿ ಹೊಯ್ಯುತ್ತಿದ್ದೆ. ಮೊದಲ ಗುಟುಕಿಗೆ ಬೆಲ್ಲದ ಆಸೆಗೆ ನಾಲಗೆ ಚಾಚುತ್ತಿತ್ತು. ಎರಡನೆಯದಕ್ಕೆ ಮುಖ ಕಿವುಚಿ ಉಗುಳುತ್ತಿತ್ತು. ಮೂರನೆಯದಕ್ಕೆ ಬಾಯಿ ಬಿಗಿ. ಆಗ ನಾನು ಮೂಗು ಹಿಡಿಯುತ್ತಿದ್ದೆ. ಉಸಿರಿಗೆ ಬಾಯಿ ತೆರೆದಾಗ ಹೊಯ್ಯುತ್ತಿದ್ದೆ. ಆ ಕಾಲದಲ್ಲಿ ಹಾಗೆ ಮಾಡುವವರು ಬಹಳ ಮಂದಿ ಇದ್ದರು — ಇದ್ದರು ನಿಜ, ಆದರೆ ಹೊಯ್ದ ಕೈ ನನ್ನದು. ತಾಯಿಯ ಎದೆಗೆ ಹೋದರೆ ಕಹಿ, ದೊಡ್ಡತ್ತೆಯಾದ ನನ್ನ ಒಳಲೆಯಲ್ಲೂ ಅದೇ ಕಹಿ. ಹಗಲೆಲ್ಲ ಅದು ಎಲ್ಲಿಗೆ ಹೋಗಬೇಕಿತ್ತು?

ಹನ್ನೊಂದು ದಿನ ಹೀಗೆ ನಡೆಯಿತು. ಕೂಸಿನ ಕೆನ್ನೆ ಇಳಿಯಿತು. ನಾನು ದಿನವೂ ಸಾವಿತ್ರಿಯನ್ನು ವಿಚಾರಿಸಿಕೊಂಡೆ.

"ಹಗಲು ಕದ್ದು ಕುಡಿಸ್ತೀಯಾ ನೀನು."

"ಇಲ್ಲ ಅಕ್ಕ. ದೇವರಾಣೆ ಇಲ್ಲ."

"ಮತ್ತೆ ಯಾಕೆ ಉಗುಳತ್ತೆ? ನಿನಗೆ ಮನಸ್ಸು ಗಟ್ಟಿ ಇಲ್ಲ. ನಾಳೆ ಕ್ಲಾಸಿನಲ್ಲಿ ಮಕ್ಕಳು ಅತ್ತರೂ ಹೀಗೇ ಕರಗ್ತೀಯಾ?"

ಅವಳು ಟ್ರಂಕಿನಲ್ಲಿ ಎರಡು ಸೀರೆ, ಒಂದು ಹೊಸ ಪೆನ್ನು ಆಗಲೇ ಜೋಡಿಸಿಟ್ಟಿದ್ದಳು. ಕೂಸು ಮಲಗಿದಾಗ ಟ್ರಂಕು ತೆರೆದು ಒಮ್ಮೆ ನೋಡಿ ಮುಚ್ಚುವುದನ್ನು ನಾನು ಕಂಡಿದ್ದೇನೆ.

ಈಗ ಆ ಗುರುವಾರ. ಬೆಳಗಿನದೂ ಉಗುಳಿತು, ಹನ್ನೆರಡರದೂ ಉಗುಳಿತು. ಉಳಿದ ಸರಿ ದಿನವೂ ಪಕ್ಕದ ಮನೆಯ ಹಸುವಿನ ಕಲಗಚ್ಚಿಗೆ ಹೋಗುತ್ತಿತ್ತು. ಅವತ್ತು ಪಾತ್ರೆ ತೊಳೆಯುವ ಸಿದ್ದಮ್ಮ, ಗಂಡಸಿಯ ಕಡೆಯವಳು, "ಎಷ್ಟೊಂದು ತುಪ್ಪ ಹಾಕವ್ರೆ, ಹಸೀಗ್ಯಾಕೆ, ನನ್ನ ಮೊಮ್ಮಗೀಗಾರ ಆಯ್ತದೆ," ಎಂದು ಬೆರಳಿಂದ ಬಳಿದು ಬಾಯಿಗಿಟ್ಟಳು. ಮರುಕ್ಷಣ ಥೂ ಎಂದು ಉಗಿದಳು.

"ಅವ್ವಾ, ಇದು ಕಹಿ ಐತೆ ಕಣ್ರವ್ವಾ! ಮುಂದೆ ಬೆಲ್ಲ, ಹಿಂದೆ ಇಸ. ಕೂಸು ತಿನ್ನಲ್ಲ ತಿನ್ನಲ್ಲ ಅಂತೀರಲ್ಲ, ನೀವು ತಿಂತೀರಾ ಇದ್ನ?"

ಗದರಿ ಅವಳನ್ನು ಬಾವಿಯ ಕಡೆ ಕಳಿಸಿದೆ. ಒಳಗೆ ಬಂದು ಒಲೆಯ ಪಕ್ಕದ ಪಾತ್ರೆಯಲ್ಲಿ ಅಂಟಿ ಉಳಿದ ಸರಿಗೆ ಬೆರಳದ್ದಿ ನಾಲಗೆಗೆ ಮುಟ್ಟಿಸಿದೆ. ಮಡಿಕೋಲಿನಿಂದ ಬಟ್ಟೆ ಇಳಿಸಿ ಅದರ ತುದಿಯನ್ನು ಬಾಯಲ್ಲಿಟ್ಟು ಚೀಪಿದೆ. ಒಣಗಿದ ಬಟ್ಟೆಯಲ್ಲೂ ಕಹಿ ಇತ್ತು. ಗಡಿಯಾರ ನೋಡಿದೆ — ಅಭ್ಯಾಸ — ಹನ್ನೆರಡೂ ನಲವತ್ತು.

ಬಟ್ಟೆಯನ್ನು ಬಚ್ಚಲ ಒಲೆಗೆ ಹಾಕಿದೆ. ಉರಿಯುವವರೆಗೆ ನಿಂತೆ. ಹೊರಗೆ ಬಂದು ಸಿದ್ದಮ್ಮನಿಗೆ, "ಪಾತ್ರೆ ಕಿಲುಬು ಹಿಡಿದಿತ್ತು. ಇದನ್ನ ಎಲ್ಲೂ ಆಡಬೇಡ," ಎಂದೆ.

ಅವಳು ನನ್ನ ಮುಖ ನೋಡಿ, "ನಾನ್ಯಾಕೆ ಆಡ್ಲವ್ವಾ. ಆಡ್ಬೇಕಾದ ಕೂಸಿಗೆ ಬಾಯಿಲ್ಲ," ಎಂದಳು.

ಇಲ್ಲಿಯವರೆಗಿನದು ತಿಳಿಯದೆ ಆದ ತಪ್ಪು. ಅದನ್ನು ಯಾರಾದರೂ ಮನ್ನಿಸುತ್ತಿದ್ದರು. ಸೋಮವಾರಕ್ಕೆ ಇನ್ನೂ ನಾಲ್ಕು ದಿನ ಇತ್ತು. ಬೇರೆ ಬಟ್ಟೆಯಲ್ಲಿ ಅಂದೇ ಸರಿ ಮಾಡಿ, "ಸಾವಿತ್ರಿ, ನನ್ನ ಕೈಯಲ್ಲಿ ಹೀಗಾಗಿದೆ" ಎಂದಿದ್ದರೆ ಸಾಕಿತ್ತು. ಅಷ್ಟೇ ಮಾತು. ಆದರೆ ಅವಳನ್ನು ಹನ್ನೊಂದು ದಿನ ಕಳ್ಳಿ ಎಂದಿದ್ದೆ — ಈಗ ತಪ್ಪು ನನ್ನ ಅಡಿಗೆಮನೆಯದೇ, ನನ್ನ ಮಡಿಯದೇ — ಸಂಜೆ ಹೇಳೋಣ, ಶೀನ ಬಂದ ಮೇಲೆ ಹೇಳೋಣ ಎಂದುಕೊಂಡೆ. ನಾಲ್ಕರ ಸರಿಯನ್ನು ಅಂದು ಮಾಡಲೇ ಇಲ್ಲ. ಆ ಹನ್ನೊಂದು ದಿನಗಳಲ್ಲಿ ನಾನು ಕ್ರಮ ತಪ್ಪಿದ್ದು ಅದೊಂದೇ ಸಲ.

ನಾಲ್ಕೂವರೆಗೆ ಸಾವಿತ್ರಿ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. ಕೈಯಲ್ಲಿ ಒಂದು ಹಾಳೆ. ಹೊಸ ಪೆನ್ನಿನಿಂದ ಬರೆದದ್ದು.

"ಅಕ್ಕ, ನಾನು ಹೋಗಲ್ಲ. ಅವರಿಗೂ ಬೆಳಿಗ್ಗೆಯೇ ಹೇಳಿದೀನಿ. ಕೂಸಿಗೆ ಇಷ್ಟ ಇಲ್ಲ, ಬಲವಂತ ಮಾಡೋದು ಬೇಡ. ಸೀಟು ಬೇಡ ಅಂತ ಬರೆದಿದೀನಿ. ಸರಿಯಾಗಿದೆಯಾ ನೋಡಿ ಕೊಡಿ."

ನಾನು ಓದಿದೆ. ನಾಲ್ಕೇ ಸಾಲು. 'ಮನೆಯ ಅನಿವಾರ್ಯ ಕಾರಣದಿಂದ' ಎಂದು ಬರೆದಿದ್ದಳು. ಎರಡು ಸಲ ಓದಿದೆ. ಬಾಯಲ್ಲಿ ಬೇವಿನ ಕಹಿ ಇನ್ನೂ ಇತ್ತು — ಇದನ್ನು ಸೇರಿಸಿ ಹೇಳುತ್ತಿಲ್ಲ, ನಿಜವಾಗಿ ಇತ್ತು.

"ಸರಿಯಾಗಿದೆ," ಎಂದೆ.

ಯಾಕೆ ಹಾಗೆಂದೆ? ನಾಚಿಕೆಯಿಂದ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಷ್ಟೇ ಇರಲಾರದು. ಬೀದಿಯಲ್ಲಿ ಜನ ನಮಸ್ಕಾರ ಮಾಡುವುದು ಮಿಸ್ಸಿಗೆ. ಆ ಮನೆಯಲ್ಲಿ ನನಗಿದ್ದ ಜಾಗ ಅದೊಂದೇ. ಅವಳಿಗೆ ಗಂಡನಿದ್ದ, ಕೂಸಿತ್ತು, ಇನ್ನು ಇದೂ — ಈ ವಾಕ್ಯವನ್ನು ಮುಗಿಸಲು ಇವತ್ತೂ ಆಗುತ್ತಿಲ್ಲ.

ಮರುದಿನ ಹೊಸ ಬಟ್ಟೆಯಲ್ಲಿ ಸೋಸಿದ ಸರಿಯನ್ನು ನಿರ್ಮಲ ಒಳಲೆ ಕಚ್ಚಿ ಹಿಡಿದು ಕುಡಿಯಿತು. ಬಟ್ಟಲು ಬರಿದಾದ ಮೇಲೂ ಕೈ ಚಾಚಿತು. ಶೀನ, "ಅಕ್ಕನ ಕೈಗುಣ ನೋಡು," ಎಂದ. ಸಾವಿತ್ರಿ ಕೂಸಿನ ಬಾಯಿ ಒರೆಸುತ್ತ ನಕ್ಕಳು. "ನಾನು ಹೋಗಲ್ಲ ಅಂತ ಇದಕ್ಕೆ ಗೊತ್ತಾಗಿಬಿಟ್ಟಿದೆ ಅಕ್ಕ. ಅದಕ್ಕೇ ತಿಂತು."

ಈ ಮಾತು ನಮ್ಮ ಮನೆಯ ಕಥೆಯಾಯಿತು. ನೆಂಟರು ಬಂದರೆ ಹೇಳುವುದು, ನಿರ್ಮಲ ಹಠ ಮಾಡಿದರೆ ಹೇಳುವುದು. ನಾನು ಪ್ರತಿ ಸಲವೂ ಅಲ್ಲೇ ಇದ್ದೆ.

ನಿರ್ಮಲ ಈಗ ಬೇಲೂರಿನಲ್ಲಿದ್ದಾಳೆ. ಶೀನ ರಿಟೈರಾದ ಮೇಲೆ ಅವನೂ ಸಾವಿತ್ರಿಯೂ ಅವಳ ಬೀದಿಯಲ್ಲೇ ಮನೆ ಮಾಡಿದ್ದಾರೆ. ಹೋದ ಭಾನುವಾರ ಅಲ್ಲಿಗೆ ಹೋಗಿದ್ದೆ. ನಿರ್ಮಲ ತನ್ನ ಏಳು ತಿಂಗಳ ಮಗನಿಗೆ ಸರಿ ತಿನ್ನಿಸುತ್ತಿದ್ದಳು. ಅವನು ಚಮಚ ತಳ್ಳಿದ. "ಉಗುಳು, ಉಗುಳು," ಎಂದಳು ನಗುತ್ತ. "ನಾನು ಉಗುಳಿ ಅಮ್ಮನ ಕೆಲಸ ತಪ್ಪಿಸಿದೆ. ಈಗ ನೀನು ಸೇಡು ತೀರಿಸ್ಕೋ." ನಗು ಮುಗಿಯುವ ಮೊದಲೇ ಅವಳ ಕಣ್ಣು ಕೆಳಗಾಯಿತು. ಆ ಹೊರೆಯನ್ನು ಅವಳು ತಮಾಷೆಯಲ್ಲಿ ಹೊತ್ತಿಲ್ಲವೆಂದು ನನಗೆ ಆಗ ತಿಳಿಯಿತು. ಎಂಟು ತಿಂಗಳಿನಲ್ಲಿ ಅವಳ ಬಾಯಿಗೆ ಕಹಿ ಹೊಯ್ದೆ. ಮಿಕ್ಕ ಆಯುಸ್ಸಿಗೆ ಅದರ ತಪ್ಪನ್ನೂ ಅವಳ ಮೇಲೆಯೇ ಹೊಯ್ದೆ.

ನಾಳೆ ಬೆಳಿಗ್ಗೆ ಜಾವಗಲ್ ಮೇಲೆ ಬೇಲೂರಿಗೆ ಹೋಗುವ ಮೊದಲ ಬಸ್ಸಿಗೆ ಹೊರಡುತ್ತೇನೆ. ತಾಯಿ ಮಗಳನ್ನು ಎದುರಿಗೆ ಕೂರಿಸಿಕೊಂಡು ಇದನ್ನು ನಾನೇ ಓದುತ್ತೇನೆ. ಮೊದಲು ಕ್ಷಮೆ ಕೇಳಿ ಆಮೇಲೆ ಓದಿದರೆ ಅವರು ತಡೆದುಬಿಡುತ್ತಾರೆ. ಆದ್ದರಿಂದ ಓದುವುದು ಮೊದಲು. ಅವರು ಏನೆಂದರೂ ಕೇಳಿಕೊಂಡು ಬರುತ್ತೇನೆ.

ಆ ಗುರುವಾರದ ಇನ್ನೊಂದು ಕೆಲಸ ಹೇಳುವುದು ಉಳಿದಿದೆ. ಸಾವಿತ್ರಿ ಕಾಗದವನ್ನು ಲಕೋಟೆಗೆ ಹಾಕಿ ಅಂಟಿಸಿ, "ಶನಿವಾರ ಹಾಕಿದರೂ ನಡೆಯುತ್ತೇನೋ," ಎಂದು ಮೇಜಿನ ಮೇಲಿಟ್ಟಳು. ಇನ್ನೂ ಎರಡು ದಿನ ಅದು ಅಲ್ಲಿರಬಹುದಿತ್ತು. "ಕೆಲಸ ಬಾಕಿ ಇಟ್ಟುಕೊಳ್ಳಬಾರದು," ಎಂದು ನಾನೇ ತೆಗೆದುಕೊಂಡು ಹೊರಟೆ. ಐದೂವರೆಗೆ ಸ್ಟೇಷನ್ನಿನ ಕೆಂಪು ಡಬ್ಬಿಯಲ್ಲಿ ಹಾಕಿದೆ. ಒಳಗೆ ಬಿತ್ತೋ ಇಲ್ಲವೋ ಎಂದು ಬೆರಳು ತೂರಿಸಿ ನೋಡಿದೆ. ಬಿದ್ದಿತ್ತು.