ಬಿಸಿ ಬೆಸುಗೆ, ಒದ್ದೆ ಬಟ್ಟೆ

ಇನ್ನೂ ಬೆಳಕು ಹರಿದಿಲ್ಲ. ದೊಡ್ಡ ಕಚೇರಿಯೊಂದರ ಮೇಲಿನ ಮಹಡಿಯಲ್ಲಿ ಏಣಿಯೇರಿ ನಿಂತ ಹೆಂಗಸೊಬ್ಬರು ಚಾವಣಿಯ ಜಾಲರಿ ಕಳಚಿ ಏಸಿಯ ಫಿಲ್ಟರನ್ನು ಹೊರಗೆಳೆಯುತ್ತಿದ್ದಾರೆ. ಏಣಿ ಹಿಡಿದುಕೊಳ್ಳಲು ಯಾವತ್ತೂ ಯಾರೂ ಇರುವುದಿಲ್ಲ. ಒತ್ತು ಕೊಟ್ಟ ಮೇಜೇ ಆಧಾರ. ಮುಖದ ಮೇಲೆ ಬೂದು ಧೂಳು ಸುರಿಯುತ್ತದೆ. "ಇದೆಲ್ಲಾ ಇಲ್ಲಿ ಕೂರೋರ ಕೂದಲು, ಬಟ್ಟೆ ನೂಲು. ಒಬ್ರ ಮುಖಾನೂ ನೋಡಿಲ್ಲ, ಧೂಳು ಮಾತ್ರ ಚೆನ್ನಾಗಿ ಪರಿಚಯ" ಎಂದು, ಅವರ ಬಗ್ಗೆ ಬರೆಯಲು ಬಂದ ನನ್ನತ್ತ ನೋಡಿ ನಗುತ್ತಾರೆ.

ಕಾವಲುಗಾರ ಇಟ್ಟ ಹೆಸರು ಫಿಲ್ಟರಕ್ಕ. ಸಿಬ್ಬಂದಿ ಬರುವ ಹೊತ್ತಿಗೆ ಇವರು ಹಿಂಬಾಗಿಲಿನಿಂದ ಹೊರಟಿರುತ್ತಾರೆ. ದಿನಕ್ಕೆ ನಲವತ್ತು ಫಿಲ್ಟರ್ ತೊಳೆದರೂ ಯಂತ್ರದ ಒಂದು ತಿರುಪು ಮುಟ್ಟುವಂತಿಲ್ಲ. ಅದು ಮೆಕ್ಯಾನಿಕ್ ಕೆಲಸ. ಗಂಡ ತೀರಿಕೊಂಡು, ಮಗಳು ಮದುವೆಯಾಗಿ ದೂರ ಹೋದ ಮೇಲೆ ಸಂಜೆಯಾದರೆ ಮನೆ ಬಿಕೋ ಎನ್ನುತ್ತಿತ್ತು. ಸಮುದಾಯ ಕಾಲೇಜಿನಲ್ಲಿ ಪರಿಸರ ನಿಯಂತ್ರಣ ತಂತ್ರಜ್ಞಾನದ ಸಂಜೆ ತರಗತಿಗೆ ಸೇರಿಬಿಟ್ಟರು. "ನಮ್ಮ ತಂಗಿ, 'ಗಿಡ ನೆಡೋಕೂ ಕಾಲೇಜು ಬೇಕಾ ಅಕ್ಕಾ' ಅಂದ್ಲು. ಅಲ್ಲ ಕಣೇ, ಏಸಿ, ಫ್ರಿಜ್ಜು ರಿಪೇರಿ ಅಂದೆ. ಇನ್ನೂ ಜೋರಾಗಿ ನಕ್ಳು!"

ತರಗತಿಯಲ್ಲಿ ಎಲ್ಲರೂ ಮಗಳಿಗಿಂತ ಚಿಕ್ಕವರು. ಇಬ್ಬಿಬ್ಬರು ಸೇರಿ ಕೆಲಸ ಮಾಡಿ ಎಂದು ಮೇಷ್ಟ್ರು ಹೇಳಿದ ಕೂಡಲೇ ಹುಡುಗರು ತಮ್ಮತಮ್ಮಲ್ಲೇ ಜೋಡಿಯಾಗುತ್ತಾರೆ. ಮಿಕ್ಕವರು ಇವರೊಬ್ಬರೇ. ಯಾರದೂ ತಪ್ಪಲ್ಲ.

ಕಳೆದ ಪರೀಕ್ಷೆಯಲ್ಲಿ ತಾಮ್ರದ ಕೊಳವೆಗಳ ಬೆಸುಗೆ ಚೆನ್ನಾಗಿಯೇ ಕೂತಿತ್ತು. ಸುತ್ತ ಮಸಿ ಕಂಡಿದ್ದೇ ತಡ, ಕೈ ಸೊಂಟದ ಒದ್ದೆ ಬಟ್ಟೆಗೆ ಹೋಯಿತು. ಒರೆಸಿದ ಕೂಡಲೇ ಕಾದಿದ್ದ ಬೆಸುಗೆ ಚುಯ್ಯೆಂದು ಬಿರುಕು ಬಿಟ್ಟಿತು, ಪರೀಕ್ಷೆ ಫೇಲು. "ಕೊಳೆ ಕಂಡ್ರೆ ಒರೆಸೋ ಕೈ ಇದು, ಏನ್ಮಾಡ್ಲಿ?" ಕಚೇರಿಯಲ್ಲಿ ಮೆಕ್ಯಾನಿಕ್ ಹುದ್ದೆ ಖಾಲಿಯಿದೆ. ಪಾಸಾದರೆ ಇವರಿಗೇ ಎಂದಿದ್ದಾರೆ. ಇನ್ನೊಮ್ಮೆ ಫೇಲಾದರೆ ಕಾಯುವುದಿಲ್ಲ, ಬೇರೆಯವರು ಬರುತ್ತಾರೆ.

ನಿನ್ನೆ ಸಂಜೆ ಮತ್ತೆ ಪರೀಕ್ಷೆ. ಬೆಸುಗೆ ಮುಗಿಸಿ, ಅದು ಆರುವವರೆಗೂ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದರಂತೆ. ಆಮೇಲೆ ಕೊಳವೆಗೆ ಒತ್ತಡದಲ್ಲಿ ಅನಿಲ ತುಂಬಿ ಬೆಳಗಿನವರೆಗೆ ಬಿಟ್ಟಿದ್ದಾರೆ. ಮಾಪಕದ ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ.

ಕೆಲಸ ಮುಗಿಸಿದ ಫಿಲ್ಟರಕ್ಕನ ಜೊತೆ ನಾನೂ ಕಾಲೇಜಿಗೆ ಹೋಗುತ್ತೇನೆ. ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿ ನೋಡುತ್ತಾರೆ. ಮುಳ್ಳು ಇದ್ದಲ್ಲೇ ಇದೆ. "ಪಾಸು ಕಣಮ್ಮಾ" ಎನ್ನುತ್ತಾರೆ.

ಫಿಲ್ಟರಕ್ಕ ಫೋನ್ ತೆಗೆದು ಮಗಳ ಹೆಸರು ಹುಡುಕುತ್ತಾರೆ. "ಪಾಪ, ಅವಳಿಗೆ ಡ್ಯೂಟಿ ಹೊತ್ತು" ಎಂದು ಮತ್ತೆ ಒಳಗಿಡುತ್ತಾರೆ.

ಇನ್ನೇನು ಆಸೆ ಎಂದು ಕೇಳುತ್ತೇನೆ.

"ಮೆಕ್ಯಾನಿಕ್ ನಂಬರ್ ಪ್ರತಿ ಮೆಶಿನ್ ಮೇಲೂ ಅಂಟಿಸ್ತಾರೆ. ಇನ್ಮೇಲೆ ನಂದೇ ಇರುತ್ತೆ. ಕೆಡ್ಲಿ ಅಂತ ಅನ್ನಬಾರ್ದು... ಆದ್ರೂ ಆಗೊಂದು ಈಗೊಂದು ಕೆಟ್ರೆ, ಯಾರಾದ್ರೂ ನಂಗೆ ಫೋನ್ ಮಾಡ್ತಾರಲ್ಲ."